ಕೊಟ್ಟಿಗೆ ಗೃಹಪ್ರವೇಶದ ಮುಯ್ಯಿ

ಬ್ಯಾಂಕಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಚಾಮರಾಜನಗರದ ನಮ್ಮ ಮನೆಗೆ ಆಗಾಗ ಬರುತ್ತಾರೆ. ಕಾಫಿ ಕುಡಿಯುತ್ತಾರೆ, ಚಕ್ಕುಲಿ ಮುರಿಯುತ್ತಾರೆ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುತ್ತಾರೆ. 'ಮೇಡಂ, ನನಗೆ ಶಿಕ್ಷಣ ಸಾಲದ ಮೇಜು ಕೊಟ್ಟಿದ್ದಾರೆ. ಹೇಗಾದರೂ ತಪ್ಪಿಸಿಕೊಳ್ಳೋಕೆ ದಾರಿ ಇದೆಯಾ?' ದಾರಿ ಇದೆ, ನನಗೂ ಗೊತ್ತು. ಆದರೆ ನಾನು ಹೇಳಿಕೊಡುವುದಿಲ್ಲ. ಬೆಳೆ ಸಾಲದ ಮೇಜಿನಲ್ಲಿ ಪಹಣಿ ನೋಡುತ್ತೀರಿ, ಚಿನ್ನದ ಸಾಲದ ಮೇಜಿನಲ್ಲಿ ತಕ್ಕಡಿ ನೋಡುತ್ತೀರಿ. ಈ ಮೇಜಿನಲ್ಲಿ ಮಾತ್ರ ಮನುಷ್ಯರನ್ನು ನೋಡಬೇಕು. ಅದೂ ಆಗಷ್ಟೇ ಪಿಯುಸಿ ಮುಗಿಸಿ, ಪಕ್ಕದಲ್ಲಿ ಅಪ್ಪನನ್ನು ಕೂರಿಸಿಕೊಂಡು, ಕೊಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕುವವರನ್ನು. ನನ್ನ ಕೆಲಸದ ಬಹುಪಾಲು ಅಲ್ಲೇ ಕಳೆಯಿತು. ಬೈಸಿಕೊಂಡೆ, ನಕ್ಕೆ, ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ಊಟ ಮಾಡಿದೆ.

ನಾನು ಗುಂಡ್ಲುಪೇಟೆಯ ಶಾಖೆಗೆ ಹೋದಾಗ ಅಲ್ಲಿದ್ದ ಮ್ಯಾನೇಜರು ಭಾರಿ ಹುರುಪಿನ ಮನುಷ್ಯ. ಬೆಳಿಗ್ಗೆ ನಾನು ಕೈಚೀಲ ಇಳಿಸುವ ಮೊದಲೇ 'ಟಾರ್ಗೆಟ್ ಎಲ್ಲಿಗೆ ಬಂತಮ್ಮ?' ಎನ್ನುತ್ತಿದ್ದರು. ಮಾರ್ಚ್ ತಿಂಗಳಲ್ಲಿ ಅವರ ಎದುರು ನಿಂತು ಯಾರಾದರೂ ಸೀನಿದರೂ ಸಾಲದ ಅರ್ಜಿ ಕೈಗೆ ಕೊಟ್ಟುಬಿಡುತ್ತಿದ್ದರು. ಇಂಥವರ ಬಳಿಗೆ ಒಬ್ಬ ಏಜೆಂಟ್ ಬಂದ. ಗರಿಗರಿ ಬಿಳಿ ಷರ್ಟು, ಎರಡು ಮೊಬೈಲು, ನಾಲಿಗೆಯ ಮೇಲೆ ಜೇನು. ಊರೂರು ತಿರುಗಿ ಮಕ್ಕಳನ್ನು ಹುಡುಕಿ ಮೈಸೂರಿನ ಒಂದು ಖಾಸಗಿ ನರ್ಸಿಂಗ್ ಕಾಲೇಜಿಗೆ ಸೇರಿಸುವುದು ಅವನ ಕೆಲಸ. ಒಂದು ದಿನ ವ್ಯಾನಿನ ತುಂಬ ಮಕ್ಕಳನ್ನೂ ತಂದೆತಾಯಿಯರನ್ನೂ ತುಂಬಿಕೊಂಡು ಶಾಖೆಯ ಮುಂದೆ ಇಳಿಸಿದ. ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲಿ ಒಂದು ಈಜುಕೊಳವೂ ಇತ್ತು.

ನನಗೆ ಆ ಈಜುಕೊಳದ ಮೇಲೆ ಅನುಮಾನ. ಮೈಸೂರಿಗೆ ಹೋದವಳು ಕಾಲೇಜು ಹುಡುಕಿಕೊಂಡು ಹೋದೆ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸಿಕ್ಕಿತು. ಅಲ್ಲಿದ್ದ ಗುಮಾಸ್ತನನ್ನು ಈಜುಕೊಳ ಎಲ್ಲಪ್ಪ ಎಂದು ಕೇಳಿದರೆ, ಪಾಪ, ಒಂದಿಷ್ಟೂ ಅಳುಕದೆ, 'ಅದು ಪ್ರೆಸ್ಸಿನವರ ಹತ್ರ ಇದ್ದ ಫೋಟೋ ಮೇಡಂ, ಪುಟ ಖಾಲಿ ಇತ್ತು ಅಂತ ಹಾಕಿದ್ರು' ಎಂದ. ನಾನು ಧಾವಂತದಿಂದ ವಾಪಸ್ಸು ಬಂದು ಮ್ಯಾನೇಜರಿಗೆ ವರದಿ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, 'ಈಜು ಬರದಿದ್ದರೆ ಇಂಜೆಕ್ಷನ್ ಕೊಡೋಕೆ ಬರಲ್ವೇನಮ್ಮ?' ಎಂದರು. ಕಾಲೇಜಿಗೆ ಮಾನ್ಯತೆ ಇತ್ತು, ಕಾಗದಪತ್ರಗಳು ಸರಿಯಿದ್ದವು. ವ್ಯಾನಿನಲ್ಲಿ ಬಂದಿದ್ದ ಅಷ್ಟೂ ಮಕ್ಕಳಿಗೆ ಸಾಲ ಮಂಜೂರಾಯಿತು.

ಸಾಲ ಯಾಕೆ ಕೆಡುತ್ತದೆ ಎಂದು ತರಬೇತಿಯಲ್ಲಿ ನಿಮಗೆ ಬೇರೆ ಏನೇನೋ ಹೇಳಿರುತ್ತಾರೆ. ನಾನು ಕಂಡದ್ದು ಇಷ್ಟು. ಶುಲ್ಕದ ಒಳಗೆ ಏಜೆಂಟನ ಪಾಲೂ ಸೇರಿರುತ್ತದೆ, ಅದಕ್ಕೂ ಮಗುವೇ ಬಡ್ಡಿ ಕಟ್ಟಬೇಕು. ಓದುವ ವರ್ಷಗಳಲ್ಲಿ ಕಂತು ಇಲ್ಲ ಎಂದರೆ ಬಡ್ಡಿಯೂ ಇಲ್ಲ ಎಂದೇ ಮನೆಯವರು ತಿಳಿಯುತ್ತಾರೆ. ಬಡ್ಡಿ ಮಾತ್ರ ತನ್ನ ಪಾಡಿಗೆ ತಾನು ಬೆಳೆಯುತ್ತಿರುತ್ತದೆ. ಓದು ಮುಗಿದ ಮೇಲೆ ಸಿಗುವ ಮೊದಲ ಸಂಬಳ ಪುಸ್ತಿಕೆಯಲ್ಲಿದ್ದ ಸಂಬಳವಾಗಿರುವುದಿಲ್ಲ, ಅದೂ ಈಜುಕೊಳದ ಜಾತಿಯದೇ. ಇಷ್ಟರ ಮೇಲೆ ಏಜೆಂಟರು ಹೋಗುವಾಗ ಒಂದು ಮಾತು ಕಿವಿಯಲ್ಲಿ ಹೇಳಿ ಹೋಗಿರುತ್ತಾರೆ: ಇದು ಸರ್ಕಾರದ ಸಾಲ, ಇವತ್ತಲ್ಲ ನಾಳೆ ಮನ್ನಾ ಆಗುತ್ತದೆ.

ಈ ಮನ್ನಾದ ಮಾತಿನಿಂದ ನಾನು ಪಟ್ಟ ಪಾಡು ಒಂದೆರಡಲ್ಲ. ಹಂಗಳದಲ್ಲಿ ಒಬ್ಬ ಹಿರಿಯರಿದ್ದರು. ಹಿಂದೆ ಯಾವಾಗಲೋ ಬೆಳೆ ಸಾಲ ಮನ್ನಾ ಆಗುವುದಕ್ಕೆ ಸ್ವಲ್ಪ ಮುಂಚೆ ಶ್ರದ್ಧೆಯಿಂದ ಪೂರ್ತಿ ಸಾಲ ತೀರಿಸಿದ್ದರಂತೆ. ಅಂದಿನಿಂದ ಊರಿನವರು ಅವರನ್ನು 'ಕಟ್ಟಿದ ಪುಟ್ಟಪ್ಪ' ಎಂದೇ ಕರೆಯುತ್ತಿದ್ದರು. ಮೊಮ್ಮಗನ ಓದಿನ ಸಾಲದ ವಿಚಾರಕ್ಕೆ ಹೋದ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಎಳನೀರು ಕೊಟ್ಟು, ಅವರು ಹೇಳಿದರು: 'ನೀವ್ ಒಳ್ಳೆವ್ರು ಕಣವ್ವ. ಆದ್ರ ಒಂದ್ಸಲ ಕಟ್ಟಿ ಇಷ್ಟ್ ವರ್ಸ ಆ ಎಸ್ರು ಒತ್ಕಂಡ್ ತಿರುಗ್ತಾ ಇವ್ನಿ. ನನ್ ಮೊಮ್ಮಗಂಗೂ ಆ ಎಸ್ರು ಬೇಡ ಬುಡಿ.' ಎಳನೀರು ಕುಡಿದು ಸ್ಕೂಟರ್ ಹತ್ತಿದೆ. ಆ ಹುಡುಗನನ್ನು ಕಂತು ಕಟ್ಟುವಂತೆ ಒಪ್ಪಿಸಲು ಆಮೇಲೆ ಒಂದು ವರ್ಷ ಹಿಡಿಯಿತು.

ವ್ಯಾನಿನಲ್ಲಿ ಬಂದಿದ್ದ ಮಕ್ಕಳಲ್ಲಿ ಭೀಮನಬೀಡಿನ ನಾಗಮಣಿ ಒಬ್ಬಳು. ಓದು ಮುಗಿಸಿ ಮೈಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದಳು. ಕೆಲವು ಕಂತು ಕಟ್ಟಿದಳು, ಆಮೇಲೆ ನಿಂತಿತು. ಖಾತೆ ಸುಸ್ತಿಗೆ ಬಿತ್ತು. ನಾನು ಹೇಳದೆ ಕೇಳದೆ ಭೀಮನಬೀಡಿಗೆ ಹೊರಟೆ. ಮುಂಚೆ ತಿಳಿಸಿದರೆ ಮನೆಯವರೆಲ್ಲ ಮಲೆ ಮಾದಪ್ಪನ ಬೆಟ್ಟಕ್ಕೆ ಯಾತ್ರೆ ಹೊರಟುಬಿಡುತ್ತಾರೆ ಎಂಬುದು ಆಗಿನ ನನ್ನ ಜಾಣತನ.

ಮನೆಯ ಮುಂದೆ ಸಾರಿಸಿ ದೊಡ್ಡ ರಂಗೋಲಿ ಬಿಟ್ಟಿದ್ದರು. ನಾನು ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಹುಡುಗಿಯ ತಾಯಿ ಚಿಕ್ಕತಾಯಮ್ಮ ಓಡಿ ಬಂದು, 'ಬನ್ನಿ ಬನ್ನಿ, ಬಿಸ್ಲಲ್ಲಿ ಒಬ್ರೇ ಬಂದ್ಬುಟ್ರಲ್ಲ' ಎಂದು ಕೈ ಹಿಡಿದು ಒಳಗೆ ಕರೆದೊಯ್ದರು. ಹೊಸ ಜಮಖಾನ ಹಾಸಿತ್ತು. ಕೂತ ಕೂಡಲೇ ಉಪ್ಪಿಟ್ಟು, ಕೇಸರಿಬಾತು ಬಂತು. ತಿಂಡಿಯ ವಿಷಯದಲ್ಲಿ ನಾನು ನಾಚುವವಳಲ್ಲ. ಎಂಥ ಸಂಸ್ಕಾರದ ಸುಸ್ತಿದಾರರಪ್ಪ ಎಂದು ಮನಸ್ಸಿನಲ್ಲೇ ಕೊಂಡಾಡುತ್ತ ಎರಡನೇ ಸಲ ಹಾಕಿಸಿಕೊಂಡೆ. ಅಷ್ಟರಲ್ಲಿ ರೇಷ್ಮೆ ಸೀರೆ ಉಟ್ಟು ಕಾಫಿ ಹಿಡಿದು ನಾಗಮಣಿ ಬಂದಳು. ನನ್ನನ್ನು ಗುರುತು ಹಿಡಿದವಳೇ ಅಲ್ಲೇ ನಿಂತುಬಿಟ್ಟಳು. 'ಗಂಡ್ನ ಸೋದರತ್ತೆ ಕಣಮ್ಮಿ, ಕಾಲಿಗ್ ಬೀಳು' ಎಂದರು ತಾಯಿ. ನಾನು ಬಾಯಲ್ಲಿದ್ದ ಕೇಸರಿಬಾತು ನುಂಗಿ, 'ಅಲ್ಲಮ್ಮ, ನಾನು ಬ್ಯಾಂಕಿನಿಂದ ಬಂದದ್ದು' ಎಂದೆ. ಬಾಗಿಲಲ್ಲಿ ಗಂಡಿನ ಕಡೆಯವರು ಚಪ್ಪಲಿ ಬಿಡುತ್ತಿದ್ದರು.

ಆಮೇಲಿನದನ್ನು ಏನು ಹೇಳಲಿ. ಗಂಡಿನ ಸೋದರಮಾವ ನನ್ನ ಎದುರಿಗೇ ಕೂತು ವಿಚಾರಣೆ ಶುರು ಮಾಡಿದರು. ಯಾವ ಬ್ಯಾಂಕು, ಏನು ಸಾಲ, ಎಷ್ಟು ಬಾಕಿ. ಕೊನೆಗೆ, 'ಮದ್ವೆ ಆದ್ಮೇಲೆ ಸಾಲ ಎಣ್ಣಿನ್ ಕಡೆಗೋ, ಗಂಡಿನ್ ಕಡೆಗೋ? ಅದೊಂದ್ ಇತ್ಯರ್ಥ ಆಗ್ಲಿ' ಎಂದರು. ಗ್ರಾಹಕರ ಲೆಕ್ಕ ಹೊರಗಿನವರಿಗೆ ಹೇಳುವಂತಿಲ್ಲ ಎಂದು ನಾನು ಎದ್ದೆ. ಅವರು ತಿಂಡಿ ತಿಂದು, ಹೇಳಿ ಕಳಿಸುತ್ತೇವೆ ಎಂದು ಹೋದರು. ಹೇಳಿ ಕಳಿಸಲೇ ಇಲ್ಲ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಸ್ಕೂಟರಿನವರೆಗೆ ಬಂದ ನಾಗಮಣಿಯೇ ನನ್ನನ್ನು ಸಮಾಧಾನ ಮಾಡಿದಳು. 'ಬೇಜಾರ್ ಮಾಡ್ಕಬೇಡಿ ಮೇಡಂ. ಆ ಗಂಡು ನಾನ್ ಕೆಲ್ಸಕ್ ಓಗದ್ ಬೇಡ ಅಂತಿದ್ನಂತ. ಕೆಲ್ಸ ಬುಟ್ರ ನಿಮ್ ಸಾಲ ಯಾರ್ ಕಟ್ಟರು?' ಎಂದು ನಕ್ಕಳು. ಪೀಜಿ ಬಾಡಿಗೆ, ಊಟ ಕಳೆದು ಸಂಬಳದಲ್ಲಿ ಉಳಿಯುವುದು ಬಡ್ಡಿಗೂ ಸಾಲದು ಎಂಬುದನ್ನು ಅಲ್ಲೇ ನಿಂತು ವಿವರಿಸಿದಳು. ಅಂದಿನಿಂದ ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಕಟ್ಟಲು ಶುರು ಮಾಡಿದಳು. ಹಳೆಯ ಬಾಕಿ ಮಾತ್ರ ಹಾಗೇ ಉಳಿಯಿತು. ಸಾಲದ ಮಾತು ಎತ್ತುತ್ತಾರೆ ಎಂದು ಊರಿನ ಮದುವೆ ಮುಂಜಿಗಳಿಗೆ ಬರುವುದನ್ನೇ ಬಿಟ್ಟಳು. ಈಗ ಹೊಸಬರಿಗೆ ನಾನು ಹೇಳುವ ಮೊದಲ ಪಾಠ ಇದೇ. ಯಾರ ಮನೆಗೆ ಹೋದರೂ ನಿಮ್ಮ ಹೆಸರು, ಬಂದ ಕೆಲಸ ಹೇಳಿ, ಆಮೇಲೆ ಕೇಸರಿಬಾತಿಗೆ ಕೈ ಹಾಕಿ.

ಕೆಲವು ವರ್ಷ ಕಳೆಯಿತು. ಅಷ್ಟರಲ್ಲಿ ನಮ್ಮ ಕೆಲಸದ ರೀತಿಯೇ ಬದಲಾಯಿತು. ಮೊದಲು ಒಬ್ಬ ಮನುಷ್ಯ ಹೇಗೆ ಎಂದು ತಿಳಿಯಲು ಅವನ ಊರಿನ ಟೀ ಅಂಗಡಿಯಲ್ಲಿ ಕೂರುತ್ತಿದ್ದೆವು. ಈಗ ಹೆಸರು ಒತ್ತಿದರೆ ಕಂಪ್ಯೂಟರ್ ಹೇಳುತ್ತದೆ, ಟೀ ಖರ್ಚಿಲ್ಲ. ಆ ಕಂಪ್ಯೂಟರಿನ ಮುಂದೆ ಒಂದು ಬೆಳಿಗ್ಗೆ ನಾಗಮಣಿಯ ತಂದೆ ಮಾದಪ್ಪನವರು ಕಿರಿಯ ಮಗಳು ರೂಪಳನ್ನು ಕರೆದುಕೊಂಡು ಬಂದು ನಿಂತರು. ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಕೇರಳದ ಲಾರಿಗಳಿಗೆ ಮೂಟೆ ತುಂಬುವುದು ಅವರ ಕೆಲಸ. ರೂಪಳಿಗೆ ಹಾಸನದಲ್ಲಿ ಪಶುವೈದ್ಯಕೀಯ ಸೀಟು ಸಿಕ್ಕಿತ್ತು. ಏಜೆಂಟ್ ಇಲ್ಲ, ವ್ಯಾನ್ ಇಲ್ಲ, ತನ್ನ ಅಂಕದ ಮೇಲೆ ಪಡೆದ ಸರ್ಕಾರಿ ಸೀಟು. ಮುಂದಿನ ವಾರ ಶುಲ್ಕ ಕಟ್ಟಿ ಹಾಜರಾಗಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ನನಗೆ ಬಹಳ ಸಂತೋಷವಾಯಿತು. ಅರ್ಜಿ ತುಂಬಲು ಕೂತು ಮಾದಪ್ಪನವರ ಹೆಸರು ಒತ್ತಿದೆ. ಪರದೆ ಕೆಂಪಾಯಿತು.

ನಾಗಮಣಿಯ ಸಾಲಕ್ಕೆ ಅವರು ಜಂಟಿ ಸಾಲಗಾರ. ಅವಳ ಖಾತೆಯ ಸುಸ್ತಿ ಅವರ ಹೆಸರಿಗೂ ಅಂಟಿಕೊಂಡಿತ್ತು. 'ಸಾಲ ದೊಡ್ಡವಳ್ದು, ಕಟ್ತಾನೂ ಅವ್ಳೆ. ನನ್ ಎಸ್ರು ಯಾಕ್ ಕೆಂಪಾಯ್ತು ಮೇಡಮ್ಮೋರೆ?' ಎಂದು ಅವರು ಕೇಳಿದರು. ನಾನು ಎಷ್ಟು ವಿವರಿಸಿದರೂ ಅವರ ಕಣ್ಣು ಆ ಕೆಂಪಿನ ಮೇಲೇ ಇತ್ತು. ರೂಪ ತನ್ನ ಕಾಗದಗಳನ್ನು ಒಂದೊಂದಾಗಿ ಫೈಲಿನೊಳಗೆ ವಾಪಸ್ಸು ಇಡತೊಡಗಿದಳು.

ಚಾಮರಾಜನಗರದ ಕಚೇರಿಯಲ್ಲಿದ್ದ ನಮ್ಮ ಮೇಲಧಿಕಾರಿ ಮೂಲತಃ ಚಂದಕವಾಡಿ ಹಳ್ಳಿಯವರು. ಮುಖದ ಮೇಲೆ ನಗು ಬರಲು ಅರ್ಜಿ ಹಾಕಬೇಕಾದಂಥ ಮನುಷ್ಯ. ಫೋನಿನಲ್ಲಿ ಬೇಡಿಕೊಂಡೆ. 'ಹಳೆ ಬಾಕಿ ಪೂರ್ತಿ ಬಂದು ಖಾತೆ ಸರಿಯಾಗಲಿ. ಆದ ದಿನವೇ ಹೊಸದನ್ನ ಮಂಜೂರು ಮಾಡ್ತೀನಿ' ಎಂದರು. 'ಸರ್, ಹುಡುಗಿ ಮುಂದಿನ ವಾರ ಸೇರಬೇಕು.' 'ಹಾಗಾದರೆ ಈ ವಾರ ಕಟ್ಟಿಸಿ' ಎಂದು ಫೋನಿಟ್ಟರು.

ಆ ಮನೆಯಲ್ಲಿ ಅಷ್ಟು ಹಣ ಎಲ್ಲಿಂದ ಬರಬೇಕು? ದಾರಿ ತೋರಿಸಿದವರು ಗಡಿಯಾಚೆ ತಮಿಳುನಾಡಿನ ತಾಳವಾಡಿಯ ಮಾವ, ಅಂದರೆ ಚಿಕ್ಕತಾಯಮ್ಮನ ಅಣ್ಣ. ಮಾದಪ್ಪನವರಿಗೆ ಒಂದು ಖಯಾಲಿ ಇತ್ತು. ಯಾರ ಮನೆಯ ಮದುವೆ, ನಾಮಕರಣ, ಗೃಹಪ್ರವೇಶವಾದರೂ ಕವರಿನಲ್ಲಿ ಮುಯ್ಯಿಯ ಹಣ ಇಡದೆ ಬರುತ್ತಿರಲಿಲ್ಲ. ಮೂಟೆ ಹೊತ್ತ ಕೂಲಿಯಲ್ಲಿ ಮೊದಲು ಮುಯ್ಯಿ ಕವರಿಗೆ ತೆಗೆದಿಟ್ಟೇ ಮನೆಗೆ ಅಕ್ಕಿ. ಇದಕ್ಕೆ ಹೆಂಡತಿ ಮಕ್ಕಳಿಂದ ಬೈಸಿಕೊಳ್ಳುತ್ತಿದ್ದುದೂ ಉಂಟು. ಇಟ್ಟ ಮುಯ್ಯಿ ಕಾಲಕ್ಕೆ ತಿರುಗಿ ಬರುವಂಥದ್ದು, ಆದರೆ ಇಟ್ಟವರ ಮನೆಯಲ್ಲಿ ಒಂದು ಕಾರ್ಯ ಆದಾಗ ಮಾತ್ರ. ಈ ಮನೆಯಲ್ಲಿ ಹುಡುಗಿಯರ ಕಿವಿ ಚುಚ್ಚಿಸಿದ ಮೇಲೆ ಯಾವ ಕಾರ್ಯವೂ ಆಗಿರಲಿಲ್ಲ. ತಾಳವಾಡಿಯ ಮಾವನಿಗೆ ಇದು ಒಂದು ಸಮಸ್ಯೆಯೇ ಅಲ್ಲ. 'ನಮ್ ಕಡ ಮುಯ್ಯಿಗೇ ಅಂತ ಊಟ ಆಕ್ತರ ಕಣಯ್ಯ. ಕಾರಣ ಯಾರ್ ಕೇಳರು?' ಎಂದರಂತೆ.

ಭೀಮನಬೀಡಿನಲ್ಲಿ ಕೇಳುತ್ತಾರೆ. ಕಾರ್ಯವಿಲ್ಲದೆ ಊಟ ಹಾಕಿ ಮುಯ್ಯಿ ತೆಗೆದುಕೊಳ್ಳುವುದು ಮರ್ಯಾದೆಯಲ್ಲ ಎಂದು ಮಾದಪ್ಪನವರು ಪಟ್ಟು ಹಿಡಿದರು. ಮನೆಯೆಲ್ಲ ಕೂತು ಕಾರ್ಯ ಹುಡುಕಿತು. ಕೊನೆಗೆ ಸಿಕ್ಕಿದ್ದು ದನದ ಕೊಟ್ಟಿಗೆ. ಅದರ ಮೇಲೆ ಆಗಷ್ಟೇ ಹೊಸ ಶೀಟು ಹೊದಿಸಿದ್ದರು. ಭಾನುವಾರ ಕೊಟ್ಟಿಗೆಯ ಗೃಹಪ್ರವೇಶ ಎಂದು ಊರಿಗೆಲ್ಲ ಹೇಳಿದರು. ವಿಷಯ ಏನೆಂದು ಊರಿಗೂ ಗೊತ್ತು, ಮಂಡಿಗೂ ಗೊತ್ತು. ಗೊತ್ತಿಲ್ಲದ ಹಾಗೆ ಎಲ್ಲರೂ ಗಂಭೀರವಾಗಿ, 'ಕೊಟ್ಗೆ ಪ್ರವೇಸ ಎಷ್ಟೊತ್ಗ?' ಎಂದು ಕೇಳುತ್ತಿದ್ದರಂತೆ.

ನನಗೂ ಕರೆ ಬಂತು. ಹೋದೆ. ಹಸುವಿನ ಕೊಂಬಿಗೆ ಅರಿಶಿನ ಹಚ್ಚಿ, ಹಣೆಗೆ ಕುಂಕುಮವಿಟ್ಟು, ಆರತಿ ಎತ್ತಿ ಒಳಗೆ ಕರೆದರು. ಅದು ಬಾಗಿಲಲ್ಲಿ ನಿಂತು, ತಾನು ಹುಟ್ಟಿದಾಗಿನಿಂದ ಇದ್ದ ಜಾಗಕ್ಕೆ ಇವತ್ತೇನು ಇಷ್ಟೊಂದು ಉಪಚಾರ ಎನ್ನುವಂತೆ ಎಲ್ಲರನ್ನೂ ನೋಡಿತು. ಮಂಡಿಯ ಹಮಾಲರು ಕುಂಬಳಕಾಯಿ, ಬೀನ್ಸ್ ಹೊತ್ತು ತಂದಿದ್ದರು. ಕೇರಳದ ಒಬ್ಬ ಲಾರಿ ಚಾಲಕ ಎರಡು ಗೊನೆ ನೇಂದ್ರಬಾಳೆ ಇಳಿಸಿ, 'ಡಾಕ್ಟರ್ ಎವಿಡೆ, ಎಲ್ಲಿ?' ಎಂದು ಹಸುವಿನ ಪಕ್ಕದಲ್ಲಿದ್ದ ರೂಪಳನ್ನು ಕೇಳಿ ನಗಿಸಿದ.

ಮುಯ್ಯಿ ಬರೆಯುವ ಮೇಜಿಗೆ ನನ್ನನ್ನೇ ಕೂರಿಸಲು ಹೊರಟರು. 'ಎಣ್ಸೋದು ನಿಮ್ ಕೆಲ್ಸ ತಾನೆ, ಕುಂತ್ಕಳಿ ಮೇಡಮ್ಮೋರೆ.' ನಾಳೆ ಬೆಳಿಗ್ಗೆ ಇದೇ ಹಣ ನಮ್ಮ ಕೌಂಟರಿಗೆ ಬರುವುದು, ಎರಡೂ ಕಡೆ ನಾನೇ ಕೂತರೆ ನೋಡಿದವರು ಏನೆಂದಾರು ಎಂದು ತಪ್ಪಿಸಿಕೊಂಡೆ. ಆಗ ಮೈಸೂರಿನಿಂದ ಬಂದು ಅಡುಗೆಮನೆಯಲ್ಲಿ ಅಡಗಿ ಕೂತಿದ್ದ ನಾಗಮಣಿಯನ್ನು ಕರೆತಂದು ಕೂರಿಸಿದರು. ಮೊದಲಿಗೆ ತಲೆ ತಗ್ಗಿಸಿ ಬರೆದಳು. ಬಂದವರೆಲ್ಲ ಕವರು ಇಟ್ಟು, 'ಏನವ್ವ, ಊರ್ ಕಡ ಬರದೇ ಬುಟ್ಟಲ್ಲ, ಯಾವ್ ಆಸ್ಪತ್ರೇಲಿದ್ದೀಯ?' ಎಂದು ವಿಚಾರಿಸುತ್ತಿದ್ದರು. ಸಾಲದ ಮಾತು ಯಾರೂ ಎತ್ತಲಿಲ್ಲ. ಊಟದ ಎರಡನೇ ಪಂಕ್ತಿಯ ಹೊತ್ತಿಗೆ ಅವಳು ಒಬ್ಬ ಅಜ್ಜಿಗೆ ಬಿಪಿ ಮಾತ್ರೆ ಯಾವಾಗ ನುಂಗಬೇಕೆಂದು ಜೋರು ದನಿಯಲ್ಲಿ ಪಾಠ ಮಾಡುತ್ತಿದ್ದಳು.

ಪಂಕ್ತಿಗಳೆಲ್ಲ ಎದ್ದ ಮೇಲೆ ಎಣಿಸಿದರು. ನಾಗಮಣಿಯ ಹಳೆ ಬಾಕಿಗೆ ಸರಿಯಾಗಿ, ಮೇಲೆ ಸ್ವಲ್ಪ ಮಿಕ್ಕಿತು. ಅಲ್ಲಿ ತಾಳವಾಡಿಯ ಮಾವ ಒಂದು ಮಾತು ಎತ್ತಿದರು. 'ಇದ್ನ ಬ್ಯಾಂಕ್ಗ ಯಾಕ್ ಸುರಿಯದು? ಇದ್ರಲ್ಲೇ ಈ ವರ್ಸದ ಪೀಜು ಕಟ್ಟನ. ಬ್ಯಾಂಕು ಕಾಯ್ಲಿ ಬುಡು.' ಎಲ್ಲರೂ ತಲೆಯಾಡಿಸಿದರು. ಈ ವರ್ಷದ ಶುಲ್ಕ ಸರಿ, ಮುಂದಿನ ವರ್ಷಗಳಿಗೆ, ಹಾಸ್ಟೆಲಿಗೆ, ಪುಸ್ತಕಕ್ಕೆ ಇನ್ನೊಂದು ಕೊಟ್ಟಿಗೆ ಎಲ್ಲಿದೆ? ಆದರೆ ನಾನು ಬಾಯಿ ಬಿಟ್ಟರೆ ಬ್ಯಾಂಕಿನವಳು ತನ್ನ ಬಾಕಿಗೆ ಹೊಂಚು ಹಾಕುತ್ತಿದ್ದಾಳೆ ಎಂದಾಗುತ್ತದೆ.

'ಬೇಡ ಮಾವ' ಎಂದಳು ನಾಗಮಣಿ. 'ಪೀಜ್ ಕಟ್ಟುದ್ರ ಒಂದ್ ವರ್ಸ ಓದ್ತಳ. ಆಮೇಲ ಮನ್ಗ ಬತ್ತಳ. ನನ್ ಬಾಕಿ ಕಟ್ಟುದ್ರ ಬ್ಯಾಂಕ್ ಬಾಗ್ಲು ತೆಗೀತದ, ಕಡೇಗಂಟ ಓದ್ತಳ.' ಆಮೇಲೆ ತಂದೆಯ ಕಡೆ ತಿರುಗಿ, ದನಿ ಇಳಿಸಿ, 'ನಿನ್ ಎಸ್ರು ನಾನ್ ಕೆಂಪ್ ಮಾಡಿದ್ದು ಅಪ್ಪ. ಮೊದ್ಲು ಅದ್ ಓಗ್ಲಿ' ಎಂದಳು. ಮಾದಪ್ಪನವರು ಹಣವನ್ನು ಹೆಗಲ ಮೇಲಿನ ಟವೆಲಿನಲ್ಲಿ ಗಂಟು ಕಟ್ಟಿ ಅವಳ ಕೈಗೆ ಕೊಟ್ಟರು.

ಸೋಮವಾರ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ತಂದೆ ಮಕ್ಕಳು ಮೂವರೂ ಮೆಟ್ಟಿಲ ಮೇಲಿದ್ದರು. ಮರುದಿನ ರೂಪ ಹಾಸನದಲ್ಲಿರಬೇಕು. ಕುಂಕುಮ ಮೆತ್ತಿದ ನೋಟುಗಳನ್ನು ಎಣಿಸುತ್ತ ನಮ್ಮ ಕ್ಯಾಷಿಯರ್, 'ಇದೇನ್ರೀ, ದೇವಸ್ಥಾನದ ಹುಂಡಿ ಒಡೆದು ತಂದಿದ್ದೀರಾ?' ಎಂದು ಗೊಣಗಿದ. ಹಣ ಜಮಾ ಆಯಿತು, ಕೆಂಪು ಹೋಯಿತು. ನಾನು ಮೇಲಧಿಕಾರಿಗೆ ಫೋನು ಹಚ್ಚಿದೆ. 'ಒಂದು ವಾರದಲ್ಲಿ ಇಷ್ಟು ಹಣ ಎಲ್ಲಿಂದ ಬಂತು?' ಎಂದರು. 'ಕೊಟ್ಟಿಗೆ ಗೃಹಪ್ರವೇಶದ ಮುಯ್ಯಿ ಸರ್.' ಕೆಲಸ ಕೆಟ್ಟಿತು ಅಂದುಕೊಂಡೆ. ಅವರು, 'ಊಟಕ್ಕೆ ಏನು ಮಾಡಿದ್ದರು?' ಎಂದರು. 'ಕುಂಬಳಕಾಯಿ ಕೂಟು, ಪಾಯಸ ಸರ್.' 'ನಮ್ಮಪ್ಪನೂ ಹೀಗೇ ಮುಯ್ಯಿ ಇಡುತ್ತಿದ್ದರು. ಕುಟುಂಬದ ಉಳಿತಾಯ ಅಂತ ಬರೆದುಕೊಳ್ಳಿ, ಸುಳ್ಳೇನಲ್ಲ. ಅರ್ಜಿ ಕಳಿಸಿ, ಕಾಯ್ತಾ ಇರ್ತೀನಿ.' ಅಷ್ಟು ಹೊತ್ತಿಗೆ ಸರಿಯಾಗಿ ಕಂಪ್ಯೂಟರಿನ ಲಿಂಕ್ ಹೋಗಿ ಕೆಲಸವೆಲ್ಲ ನಿಂತಿತು. ಲಿಂಕ್ ಹೋಗುವುದು ಎಂದರೇನೆಂದು ಬ್ಯಾಂಕಿನವರಿಗೆ ಹೇಳಬೇಕಾಗಿಲ್ಲ. ಊಟದ ಹೊತ್ತು ಕಳೆಯಿತು, ಯಾರೂ ಊಟಕ್ಕೆ ಏಳಲಿಲ್ಲ, ಕ್ಯಾಷಿಯರನೂ ಏಳಲಿಲ್ಲ. ಲಿಂಕ್ ಬಂತು. ಮಂಜೂರಾತಿಯೂ ಬಂತು. ಶುಲ್ಕ ಕಾಲೇಜಿಗೆ ಹೋಯಿತು.

ಸಹಿ ಹಾಕಿಸುವಾಗ ನಾನು ಬಡ್ಡಿಯ ವಿವರಣೆ ಶುರು ಮಾಡಿದೆ. ನಾಗಮಣಿ ನನ್ನನ್ನು ತಡೆದು ತಾನೇ ಹೇಳಿದಳು. 'ನೀನ್ ಓದ್ತಾ ಕುಂತಿದ್ರೂವೆ ಬಡ್ಡಿ ಬೆಳೀತಾ ಇರ್ತದ ಕಣಮ್ಮಿ. ಈಗ್ ಸಂಬ್ಳ ಒಸಿ ಜಾಸ್ತಿ ಬತ್ತದ, ನಾನ್ ತಿಂಗ್ಳ ತಿಂಗ್ಳ ನಿನ್ ಬಡ್ಡಿನೂ ಕಟ್ಟೋಗ್ತೀನಿ. ನೀನ್ ಕೆಲ್ಸಕ್ ಸೇರ್ದಾಗ ಅಸಲು ಅಷ್ಟೇ ಇರ್ಬೇಕು.' ಎಷ್ಟೋ ವರ್ಷ ಆ ಮೇಜಿನಲ್ಲಿ ಕೂತು ನಾನು ಇಷ್ಟು ಚೆನ್ನಾಗಿ ಯಾರಿಗೂ ಹೇಳಿರಲಿಲ್ಲ. ರೂಪ ಕಾಗದ ಓದಿ, ಎರಡು ಕಡೆ ಪ್ರಶ್ನೆ ಕೇಳಿ, ಆಮೇಲೆ ಸಹಿ ಹಾಕಿದಳು.

ಸಾಯಂಕಾಲ ಬಸ್‌ಸ್ಟ್ಯಾಂಡಿಗೆ ನಾನೂ ಹೋದೆ. ಅಕ್ಕ ತಂಗಿ ಇಬ್ಬರನ್ನೂ ಮೈಸೂರಿನ ಬಸ್ಸು ಹತ್ತಿಸಿದೆವು. ಬಸ್ಸು ತಿರುಗುವವರೆಗೂ ನೋಡುತ್ತಿದ್ದ ಮಾದಪ್ಪನವರು, ಆಮೇಲೆ ಪಕ್ಕದ ಅಂಗಡಿಗೆ ಹೋಗಿ ಒಂದು ಬಣ್ಣದ ಕವರು ಕೊಂಡರು. ಅಂಗಿಯ ಜೇಬಿನಿಂದ ಶನಿವಾರದ ಕೂಲಿಯ ನೋಟು ತೆಗೆದು, ನೀವಿ, ಒಳಗಿಟ್ಟರು. 'ಇದೇನು?' ಎಂದೆ. 'ಹಂಗಳದಲ್ಲಿ ಒಂದ್ ಆರತಕ್ಷತೆ ಅದ ಮೇಡಮ್ಮೋರೆ. ಇಟ್ಟಿದ್ದೆಲ್ಲ ನೆನ್ನೆ ವಾಪಸ್ ತಕ್ಕಂಡ್ಬುಟ್ನಲ್ಲ. ಚಿಕ್ಕವಳು ಓದ್ ಮುಗ್ಸೋದ್ರೊಳ್ಗ ಮತ್ತ ಇಟ್ಟಿರ್ಬೇಕು' ಎಂದು ಹೇಳಿ, ಓಡಿ ಹೋಗಿ, ಹೊರಡುತ್ತಿದ್ದ ಹಂಗಳದ ಬಸ್ಸು ಹತ್ತಿದರು.